ಮೊಳೆಗೆ ನೇತುಹಾಕಿದ ಉಸಿರು

ಕಲ್ಲಿದ್ದಲು ಗಣಿಯ ಪಕ್ಕದ ಆ ಕಾಲೋನಿಯಲ್ಲಿ ಬೆಳಗಾಗುವುದು ಕೆಮ್ಮಿನಿಂದ. ಮೊದಲು ಕೊನೆಯ ಮನೆಯ ತಾತ ಕೆಮ್ಮುತ್ತಾನೆ. ಅವನಿಗೆ ಓಗೊಟ್ಟ ಹಾಗೆ ನಲ್ಲಿಯ ಎದುರು ಮನೆಯವನು ಕೆಮ್ಮುತ್ತಾನೆ. ಆಮೇಲೆ ಸಾಲು ಹಿಡಿದು ಎಲ್ಲ ಮನೆಗಳೂ. ಯಾವ ಕೆಮ್ಮು ಯಾರದೆಂದು ಅಲ್ಲಿನವರು ಹಾಸಿಗೆಯಲ್ಲೇ, ಕಣ್ಣು ಬಿಡದೆ ಹೇಳಬಲ್ಲರು. ಇದನ್ನು ಯಾರೂ ಕಾಯಿಲೆ ಎನ್ನುತ್ತಿರಲಿಲ್ಲ. 'ಗಣಿ ಗಂಟಲು' ಎನ್ನುತ್ತಿದ್ದರು. ಕಮ್ಮಾರನ ಕೈಗೆ ಸುಟ್ಟ ಕಲೆ ಇದ್ದ ಹಾಗೆ ಗಣಿಯವನಿಗೆ ಕೆಮ್ಮು, ಅದರಲ್ಲೇನು ವಿಶೇಷ ಎಂದು ಸುಮ್ಮನಾಗಿಬಿಡುತ್ತಿದ್ದರು.

ಆ ಸಾಲಿನ ನಡುವಿನ ಮನೆ ಲ್ಯಾಂಪಕ್ಕನದು. ಗಣಿಯ ಬಾಯಿಗೆ ಅಂಟಿಕೊಂಡ ದೀಪದ ಕೋಣೆಯಲ್ಲಿ ಅವಳಿಗೆ ಕೆಲಸ. ಇಳಿಯುವವರಿಗೆ ಚಾರ್ಜಾದ ತಲೆದೀಪ ಕೊಡಬೇಕು, ಹತ್ತಿ ಬಂದವರಿಂದ ವಾಪಸ್ ತೆಗೆದುಕೊಂಡು ಒರೆಸಿಡಬೇಕು. ಯಾವುದಾದರೂ ದೀಪ ಬರುವುದು ತಡವಾದರೆ ಅದು ಬರುವ ತನಕ ಅವಳು ಕೂರುತ್ತಿರಲಿಲ್ಲ. ಅವಳ ಗಂಡ ಅದೇ ಗಣಿಯ ಮೇಲಿನ ಪದರದಲ್ಲಿ ಹಲವು ವರ್ಷಗಳಿಂದ ಡ್ರಿಲ್ಲರ್. ಕಲ್ಲಿದ್ದಲಿನ ಗೋಡೆಗೆ ತೂತು ಕೊರೆಯುತ್ತಾನೆ, ಆ ತೂತಿನಲ್ಲಿ ಮದ್ದು ತುಂಬಿ ಸಿಡಿಸುತ್ತಾರೆ. ಒಬ್ಬನೇ ಡ್ರಿಲ್ ಹೆಗಲಿಗೇರಿಸಿ ನಡೆಯುತ್ತಿದ್ದ ಅವನನ್ನು ಜೊತೆಯವರು 'ಗೂಳಿ' ಎಂದು ಕರೆಯುತ್ತಿದ್ದರು.

ಕೆಲವು ವರ್ಷಗಳ ಹಿಂದೆ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದಿದ್ದಳು. ಗಣಿಯ ಕೆಲಸವನ್ನು ಹೇಗೆ ಸುಧಾರಿಸಬಹುದು ಎಂಬುದು ಅವಳ ಸಂಶೋಧನೆ. ಯಾವ ಪದರದಲ್ಲಿ ಧೂಳು ಎಷ್ಟು, ಗಾಳಿ ಎಲ್ಲಿ ಸಾಲದು, ನೀರು ಎಲ್ಲಿ ಚಿಮುಕಿಸಬೇಕು, ಪಾಳಿ ಹೇಗೆ ಬದಲಾಯಿಸಬೇಕು ಎಂದು ಅಳೆದು ತೂಗಿ ಕಂಪನಿಗೆ ಹೇಳುವವಳಿದ್ದಳು. ಬಂದ ಎರಡೇ ದಿನಕ್ಕೆ ಅವಳಿಗೆ 'ಧೂಳಮ್ಮ' ಎಂದು ಹೆಸರು ಬಿತ್ತು. ಅವಳ ಹತ್ತಿರ ಧೂಳು ಹಿಡಿಯುವ ಯಂತ್ರಗಳಿದ್ದವು. ಸೊಂಟಕ್ಕೆ ಕಟ್ಟುವ ಪುಟ್ಟ ಪಂಪು, ಅದರಿಂದ ಕಾಲರಿನವರೆಗೆ ಒಂದು ಕೊಳವೆ, ಕಾಲರಿನಲ್ಲಿ ಒಂದು ಡಬ್ಬಿ, ಡಬ್ಬಿಯೊಳಗೆ ಬಿಳಿ ಕಾಗದ. ನಿಮ್ಮ ಮೂಗು ಎಳೆಯುವ ಗಾಳಿಯನ್ನೇ ಇದೂ ಎಳೆಯುತ್ತದೆ, ಪಾಳಿ ಮುಗಿಯುವ ತನಕ ಬಿಚ್ಚಬೇಡಿ ಎಂದು ಅವಳು ಒಬ್ಬೊಬ್ಬರಿಗೂ ಕಟ್ಟಿ ಕಳಿಸಿದಳು. ತಾನು ಮೇಲೆ ಆಫೀಸಿನಲ್ಲಿ ಕೂತಳು.

ಲಿಫ್ಟು ಇಳಿಯುವಾಗಲೇ ಗೂಳಿ ಮಾತು ತೆಗೆದ. ಧೂಳು ಹೆಚ್ಚು ಅಂತ ಬಂದರೆ ಪದರ ಮುಚ್ಚುತ್ತಾರೆ, ಹಳೇ ಗಣಿ ಮುಚ್ಚಿದ್ದೂ ಹಾಗೇ ಅಂತೆ, ನಮ್ಮ ಹೊಟ್ಟೆಯ ಮೇಲೆ ನಾವೇ ಯಾಕೆ ಹೊಡೆದುಕೊಳ್ಳಬೇಕು ಎಂದ. ಲಿಫ್ಟು ನಿಲ್ಲುವ ಜಾಗದಲ್ಲಿ ಮೇಲಿನಿಂದ ತಣ್ಣನೆಯ ಹೊಸ ಗಾಳಿ ಬೀಸುತ್ತದೆ. ಅಲ್ಲೊಂದು ಮರದ ಕಂಬ, ಊಟದ ಚೀಲ ನೇತುಹಾಕಲು ಅದರ ತುಂಬ ಮೊಳೆ. ಮೇಲಿನ ಪದರದವರೆಲ್ಲ ಯಂತ್ರ ಬಿಚ್ಚಿ ಆ ಮೊಳೆಗಳಿಗೆ ತಗುಲಿಸಿ ಒಳಗೆ ಹೋದರು. ಪಾಳಿ ಮುಗಿದ ಮೇಲೆ ಮತ್ತೆ ಕಟ್ಟಿಕೊಂಡು ಮೇಲೆ ಬಂದರು. ಇಡೀ ವಾರ ಹೀಗೇ ನಡೆಯಿತು. ಕೆಳಗಿನ ಪದರದವರು ಮಾತ್ರ ಹೇಳಿದ ಹಾಗೆ ಕಟ್ಟಿಕೊಂಡೇ ದುಡಿದರು. ಅವರನ್ನು ಇವರು ಕುರಿಗಳು ಎಂದು ಆಡಿಕೊಂಡು ನಕ್ಕರು.

ಲ್ಯಾಂಪಕ್ಕನಿಗೆ ಇದು ಮೊದಲ ದಿನವೇ ತಿಳಿಯಿತು. ಹತ್ತಿ ಬಂದವರ ಮುಖ ಮಸಿ, ದೀಪ ಮಸಿ, ಕಾಲರು ಮಸಿ. ಕಾಲರಿನ ಮೇಲಿನ ಡಬ್ಬಿ ಮಾತ್ರ ತೊಳೆದು ಬೋರಲು ಹಾಕಿದ ಲೋಟದ ಹಾಗೆ ಹೊಳೆಯುತ್ತಿತ್ತು. ಮನೆಯಲ್ಲಿ ಗಂಡನನ್ನು ಕೇಳಿದಳು.

"ನಿನಗ್ಯಾಕೆ ಅದೆಲ್ಲ?" ಎಂದ ಅವನು. "ಗಣಿ ಮುಚ್ಚಿದ ದಿನ ನಿನ್ನ ದೀಪ ಹಿಡ್ಕೊಂಡು ಯಾವ ಊರಲ್ಲಿ ಕೆಲಸ ಹುಡುಕ್ತೀಯ?"

ಧೂಳಮ್ಮನ ಮುಂದೆ ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಕೆಲವು ತಿಂಗಳಾದ ಮೇಲೆ ಸಂಶೋಧನೆಯ ಫಲ ಬಂತು. ಕೆಳಗಿನ ಪದರದಲ್ಲಿ ಧೂಳು ವಿಪರೀತ ಎಂದು ಅದರಲ್ಲಿತ್ತು. ಆ ಪದರವನ್ನು ಕಂಪನಿ ಮುಚ್ಚಲಿಲ್ಲ. ಅಲ್ಲಿಗೆ ನೀರಿನ ಪೈಪು ಎಳೆಸಿತು, ಕೊರೆಯುವಾಗಲೇ ನೀರು ಚಿಮ್ಮುವ ಡ್ರಿಲ್ ತರಿಸಿತು, ದೊಡ್ಡ ಫ್ಯಾನು ಕೂರಿಸಿತು. ಗಣಿಗೆಲ್ಲ ಅತಿ ಶುಭ್ರವಾದ ಗಾಳಿ ಮೇಲಿನ ಪದರದ್ದು ಎಂದೂ ಬರೆದಿತ್ತು. ಅಷ್ಟು ಒಳ್ಳೆಯ ಜಾಗವನ್ನು ಕಂಪನಿ ಸುಮ್ಮನೆ ಬಿಟ್ಟೀತೇ? ಒಂದು ಡ್ರಿಲ್ ಇದ್ದಲ್ಲಿ ಎರಡು ಹಾಕಿತು, ಪಾಳಿಯನ್ನೂ ಉದ್ದ ಮಾಡಿತು. ಕುರಿಗಳು ಒದ್ದೆ ಬಟ್ಟೆಯಲ್ಲಿ ಮನೆಗೆ ಬರತೊಡಗಿದರು. ಜಾಣರು ಎರಡು ಪಟ್ಟು ಧೂಳು ಕುಡಿದು ಬರತೊಡಗಿದರು.

ಅಜ್ಜಿ ಕಥೆಯ ರಾಕ್ಷಸ ಬರುವಾಗ ನೆಲ ನಡುಗುತ್ತದೆ, ಮಕ್ಕಳಿಗೆ ಅಡಗಿಕೊಳ್ಳಲು ಸಮಯವಿರುತ್ತದೆ. ಈ ರಾಕ್ಷಸನಿಗೆ ಸದ್ದಿಲ್ಲ. ಉಸಿರಿನ ಜೊತೆ ಒಳಗೆ ಬಂದು ಎದೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಾನೆ. ಮತ್ತೆ ಏಳುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ, ನಲ್ಲಿಯಿಂದ ಒಂದು ಕೊಡ ನೀರು ತರಲು ಗೂಳಿ ದಾರಿಯಲ್ಲಿ ನಿಲ್ಲಬೇಕಾಯಿತು. ಮೊದಮೊದಲು ಯಾರನ್ನೋ ಮಾತಾಡಿಸುವ ನೆಪ ಮಾಡಿ ನಿಲ್ಲುತ್ತಿದ್ದ. ಆಮೇಲೆ ನೆಪಕ್ಕೂ ಉಸಿರು ಸಾಲಲಿಲ್ಲ. ಕೊನೆಗೆ ಲ್ಯಾಂಪಕ್ಕ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಎದೆಯ ಎಕ್ಸ್-ರೇ ಬೆಳಕಿಗೆ ಹಿಡಿದು, ಕಲ್ಲಿದ್ದಲಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಅದನ್ನು ತೆಗೆಯುವ ಔಷಧಿ ಇಲ್ಲ, ಇನ್ನಷ್ಟು ಸೇರದ ಹಾಗೆ ನೋಡಿಕೊಳ್ಳಬಹುದು ಅಷ್ಟೆ ಎಂದರು. ಗಣಿಯ ಕೆಲಸದಿಂದ ಬಂದ ಕಾಯಿಲೆಗೆ ಪರಿಹಾರ ಸಿಗುತ್ತದೆ, ಆಫೀಸಿನಲ್ಲಿ ಕೇಳಿ ಎಂದೂ ಹೇಳಿ ಕಳಿಸಿದರು.

ಆಫೀಸಿನ ಸಾಹೇಬರು ಕುರ್ಚಿ ಕೊಟ್ಟು ಕೂರಿಸಿದರು, ನೀರೂ ಕೊಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು. "ನೀವು ಸಿಗರೇಟ್ ಸೇದ್ತಿದ್ರಾ?"

ಗೂಳಿ ಹುಟ್ಟಿದಾಗಿನಿಂದ ಒಂದು ಸಿಗರೇಟನ್ನೂ ತುಟಿಗೆ ತಾಗಿಸಿದವನಲ್ಲ. ಹಾಗೆಂದು ಹೇಳಿದ.

"ಮತ್ತೆ ಬೇರೆ ಏನಾದರೂ ಕಾರಣ ಇರಬೇಕು. ನಿಮ್ಮ ಪದರದಲ್ಲಿ ಧೂಳೇ ಇಲ್ಲ. ವಿಶ್ವವಿದ್ಯಾಲಯದವರೇ ಅಳೆದಿದ್ದಾರೆ, ನಿಮ್ಮ ಕಾಲರಿಗೇ ಕಟ್ಟಿ ಅಳೆದಿದ್ದಾರೆ."

ಮನೆಗೆ ಬರುವ ದಾರಿಯಲ್ಲಿ ಗೂಳಿ ಮೂರು ಕಡೆ ಕೂತ. ಕೊನೆಯ ಸಲ ಕೂತಾಗ ಹೆಂಡತಿಯ ಮುಖ ನೋಡದೆ ಹೇಳಿದ. "ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಿ ಬಂದಿದ್ದೀನಿ ಕಣೇ."

ಗೂಳಿಯ ಜಾಗಕ್ಕೆ ಅವನ ತಮ್ಮ ಹೋದ. ಅದೇ ಪದರ, ಅದೇ ಗೋಡೆ, ನೀರಿಲ್ಲದ ಅದೇ ಒಣ ಡ್ರಿಲ್. ಮನೆ ನಡೆಯಬೇಕಲ್ಲ. ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಲೋನಿಯ ಕೆಮ್ಮುಗಳ ಸಾಲಿನಲ್ಲಿ ಒಂದು ಹೊಸ ಕೆಮ್ಮು ಸೇರಿತು. ಅದು ಬಂದದ್ದು ಇವರದೇ ಮನೆಯಲ್ಲಿ ಗೂಳಿಯ ತಮ್ಮ ಮಲಗುವ ಒಳಕೋಣೆಯಿಂದ. ಪಾತ್ರೆ ಉಜ್ಜುತ್ತಿದ್ದ ಅತ್ತೆಯ ಕೈ ನಿಂತಿತು. ಲ್ಯಾಂಪಕ್ಕನ ಕೈಯೂ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಅದೇ ವಾರ ಧೂಳಮ್ಮ ಮತ್ತೆ ಬಂದಳು. ಕೆಳಗಿನ ಪದರದಲ್ಲಿ ಮಾಡಿದ್ದು ಫಲ ಕೊಟ್ಟಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ಅಳೆಯಬೇಕಿತ್ತು. ಯಂತ್ರಗಳನ್ನು ಚಾರ್ಜಿಗೆ ಇಡಲು ದೀಪದ ಕೋಣೆಗೆ ತಂದಳು. ಲ್ಯಾಂಪಕ್ಕ ಪ್ಲಗ್ ತೋರಿಸುತ್ತ, ಬೆನ್ನು ಹಾಕಿಕೊಂಡೇ ಹೇಳಿದಳು. "ಹೋದ ಸಲ ನೀವು ಅಳೆದದ್ದು ನಮ್ಮ ಗಂಡಸರ ಉಸಿರಲ್ಲ ಮೇಡಂ. ಕಂಬದ ಮೊಳೆಯ ಉಸಿರು."

ಧೂಳಮ್ಮನಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಸಂಜೆ ಲ್ಯಾಂಪಕ್ಕ ಅವಳನ್ನು ಮನೆಗೆ ಕರೆತಂದಳು. ಜೊತೆಗೆ ತಂದಿದ್ದ ಒಂದು ಯಂತ್ರವನ್ನು ಧೂಳಮ್ಮ ಮೇಜಿನ ಮೇಲಿಟ್ಟಳು. ಅತ್ತೆ ಚಹಾ ಕೊಟ್ಟರು. ಗೂಳಿ ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದ. ಮೈದುನ ಗೋಡೆಗೆ ಒರಗಿ, ಕೈಕಟ್ಟಿ ನಿಂತಿದ್ದ.

ಮೈದುನನಿಗೆ ಈ ಭೇಟಿಯೇ ಹಿಡಿಸಿರಲಿಲ್ಲ. ಯಂತ್ರ ಈ ಸಲವೂ ಮೊಳೆಗೇ ಹೋಗಬೇಕು ಎಂಬುದು ಅವನ ವಾದ. "ಈಗ ಕಾಗದ ಕಪ್ಪು ಬಂತು ಅಂದ್ರೆ, ಹೋದ ಸಲ ಮೋಸ ಮಾಡಿದ್ರಿ ಅಂತ ಎಲ್ಲರನ್ನೂ ಮನೆಗೆ ಕಳಿಸ್ತಾರೆ. ಇವರಿಗೇನು ಅತ್ತಿಗೆ, ಬರೆದು ಹೋಗ್ತಾರೆ."

"ಹೌದು, ಬರೆದು ಹೋದೆ," ಎಂದಳು ಧೂಳಮ್ಮ. "ನಿಮ್ಮ ಬಿಳಿ ಕಾಗದದ ಮೇಲೆ ನನಗೆ ಪದವಿ ಬಂತು. ಒಂದೇ ಒಂದು ಪಾಳಿ ನಿಮ್ಮ ಜೊತೆ ನಿಂತಿದ್ದರೆ ನನಗೇ ಗೊತ್ತಾಗ್ತಿತ್ತು. ನಿಲ್ಲಲಿಲ್ಲ."

ಅವಳು ದೊಡ್ಡ ದೊಡ್ಡ ಆಸೆ ತೋರಿಸಲಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ, ಯಾವ ಪದರ ಎಂದಷ್ಟೇ ಬರೆಯುತ್ತೇನೆ. ಹೋದ ಸಲದ ಅಳತೆ ನಂಬಲು ಬರುವುದಿಲ್ಲ ಎಂದು ನನ್ನ ಹೆಸರಿನಲ್ಲೇ ತಿದ್ದಿ ಕೊಡುತ್ತೇನೆ. ಈ ಸಲ ನಿಮ್ಮ ಜೊತೆ ಇಳಿಯುತ್ತೇನೆ ಎಂದಳು. ಧೂಳಿದ್ದ ಕೆಳಗಿನ ಪದರ ಮುಚ್ಚಲಿಲ್ಲವಲ್ಲ, ನೀರು ಬಂತಲ್ಲ ಎಂದೂ ನೆನಪಿಸಿದಳು.

"ಹಳೇ ಗಣಿ ಮುಚ್ಚಿದ್ರಲ್ಲ, ಅದಕ್ಕೇನಂತೀರಿ?" ಎಂದ ಮೈದುನ.

ಇದಕ್ಕೆ ಉತ್ತರ ಒಲೆಯ ಕಡೆಯಿಂದ ಬಂತು. "ಅದು ಮುಚ್ಚಿದ್ದು ಧೂಳಿಗಲ್ಲ ಕಣೋ," ಎಂದರು ಅತ್ತೆ. "ಕಲ್ಲಿದ್ದಲು ಮುಗೀತು, ಮುಚ್ಚಿದ್ರು. ಕೊನೇ ಗಾಡಿ ತಳ್ಳಿದ್ದು ನಿಮ್ಮಪ್ಪ. ಅದರಲ್ಲಿ ಅರ್ಧ ಬರೀ ಕಲ್ಲು ಇತ್ತು ಅಂತ ಬಂದು ಹೇಳಿದ್ರು."

 ಇಷ್ಟು ದಿನ ಯಾಕಮ್ಮ ಹೇಳಲಿಲ್ಲ ಎಂದು ಗೂಳಿ ಕೇಳಿದ.

"ನನ್ನ ಯಾರು ಕೇಳಿದ್ರಿ?" ಎಂದು ಅತ್ತೆ ಒಲೆಯ ಕಡೆ ತಿರುಗಿಕೊಂಡರು.

ಗೂಳಿ ಕುರ್ಚಿಯ ಕೈ ಹಿಡಿದು ಎದ್ದ. ಮೇಜಿನ ಮೇಲಿದ್ದ ಯಂತ್ರವನ್ನು ತೆಗೆದುಕೊಂಡು ತಮ್ಮನ ಹತ್ತಿರ ಹೋದ. ಪಂಪನ್ನು ತಮ್ಮನ ಸೊಂಟದ ಬೆಲ್ಟಿಗೆ ಸಿಕ್ಕಿಸುವಷ್ಟರಲ್ಲಿ ಉಸಿರು ಮೇಲೆ ಹತ್ತಿತು. ತಮ್ಮನ ಭುಜ ಹಿಡಿದು ನಿಂತು ಸುಧಾರಿಸಿಕೊಂಡ. ಆಮೇಲೆ ಕೊಳವೆಯನ್ನು ಕಾಲರಿಗೆ ತಂದ. ಮತ್ತೆ ನಿಂತ. ಡಬ್ಬಿಯ ಕ್ಲಿಪ್ಪು ಹಾಕುವಾಗ ಅವನ ಎದೆಯೊಳಗಿನ ಸಿಳ್ಳೆ ತಮ್ಮನ ಕಿವಿಗೇ ಬೀಳುತ್ತಿತ್ತು. ಒಂದು ಯಂತ್ರ ಕಟ್ಟಲು ಅಷ್ಟು ಹೊತ್ತು.

"ನಾಳೆ ಇದು ಇಲ್ಲೇ ಇರಲಿ," ಎಂದ ಗೂಳಿ. "ಜೊತೆಯವರು ಕೇಳಿದ್ರೆ, ನಮ್ಮಣ್ಣನ್ನ ನೋಡ್ಕೊಂಡು ಬಂದು ಆಮೇಲೆ ಬಿಚ್ಚಿ ಅನ್ನು."

ಮೈದುನ ಕೈಕಟ್ಟು ಬಿಡಿಸಿದ. ಮರುದಿನದಿಂದ ಅವನೂ ಅವನ ಜೊತೆಯವರೂ ಯಂತ್ರ ಕಟ್ಟಿಕೊಂಡೇ ಕೊರೆದರು. ಧೂಳಮ್ಮ ಅವರ ಪಕ್ಕದಲ್ಲೇ ನಿಂತಳು. ಪಾಳಿ ಮುಗಿದ ಮೇಲೆ ದೀಪದ ಕೋಣೆಯಲ್ಲಿ ಡಬ್ಬಿ ತೆರೆದರು. ಬಿಳಿ ಕಾಗದ ಒಲೆಯ ಹಿಂದಿನ ಗೋಡೆಯ ಹಾಗಿತ್ತು. ಅದನ್ನು ಸುತ್ತಲೂ ನಿಂತು ನೋಡಿದವರಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಅಷ್ಟೂ ತಮ್ಮೊಳಗೂ ಹೋಗಿದೆ ಎಂದು ಹೇಳಿಕೊಡಬೇಕಾಗಿರಲಿಲ್ಲ.

ಮೇಲಿನ ಪದರಕ್ಕೆ ನೀರು ಬಂತು, ತಡವಾಗಿ ಬಂತು. ಎರಡನೆಯ ಡ್ರಿಲ್ ತೆಗೆದರು. ಒಬ್ಬನೇ ದಿನವೂ ಗೋಡೆಯ ಮುಂದೆ ನಿಲ್ಲದ ಹಾಗೆ ಪಾಳಿ ಬದಲಾಯಿಸಿದರು. ಯಾರನ್ನೂ ಮನೆಗೆ ಕಳಿಸಲಿಲ್ಲ. ಮೈದುನನ ಎಕ್ಸ್-ರೇ ತೆಗೆಸಿದರು, ಕಲೆ ಈಗಷ್ಟೇ ಶುರುವಾಗಿದೆ, ಇಲ್ಲಿಗೇ ನಿಲ್ಲಬಹುದು ಎಂದರು ಡಾಕ್ಟರು. ಗೂಳಿಯದು ನಿಲ್ಲುವ ಹಂತ ದಾಟಿತ್ತು. ಪರಿಹಾರದ ಮಾತು ಎತ್ತಿದಾಗೆಲ್ಲ, ನಿಮಗೆ ಕಾಯಿಲೆ ಬಂದ ವರ್ಷದ ಅಳತೆ ಶುಭ್ರವಾಗಿದೆ, ತಿದ್ದುಪಡಿ ಪರಿಶೀಲನೆಯಲ್ಲಿದೆ ಎಂದು ಆಫೀಸಿನವರು ಈಗಲೂ ನೀರು ಕೊಟ್ಟು ಕಳಿಸುತ್ತಾರೆ.

ಮೊನ್ನೆ ಮೈದುನ ಕೆಲಸದಿಂದ ತೊಪ್ಪೆಯಾಗಿ ಬಂದ. ಬೂಟಿನೊಳಗೆ ನೀರು, ಮೈಯೆಲ್ಲ ಕಪ್ಪು ಕೆಸರು. ಈ ಚಳಿಯಲ್ಲಿ ಇದೊಂದು ಕರ್ಮ, ಬಟ್ಟೆ ಒಣಗೋದೇ ಇಲ್ಲ, ಅತ್ತಿಗೆ ಎಷ್ಟು ಸಲ ಒಗೀತಾರೆ ಎಂದು ಗೊಣಗಿದ.

ಗೂಳಿ ಕುರ್ಚಿಯಿಂದ ಅವನನ್ನೇ ನೋಡುತ್ತಿದ್ದ. "ಗೊಣಗು," ಎಂದ. ಮತ್ತೊಂದು ಉಸಿರು ತೆಗೆದುಕೊಂಡು ಮಾತು ಮುಗಿಸಿದ. "ಗೊಣಗೋದಕ್ಕೂ ಉಸಿರು ಬೇಕು."

ಗಣಿಗೆ ಇಳಿಯುವ ಅಣ್ಣತಮ್ಮಂದಿರೇ, ನಿಮ್ಮಲ್ಲಿಗೂ ಅಳೆಯುವವರು ಬರುತ್ತಾರೆ. ಅವರು ಕಟ್ಟಿದ ಯಂತ್ರ ಪಾಳಿ ಮುಗಿಯುವ ತನಕ ನಿಮ್ಮ ಕಾಲರಿನಲ್ಲೇ ಇರಲಿ. ನೇತುಹಾಕಬೇಡಿ, ಬಟ್ಟೆಯಿಂದ ಮುಚ್ಚಬೇಡಿ, ಹೆದರಿ ಸುಳ್ಳು ಅಂಕಿ ಕೊಡಬೇಡಿ. ನೀವು ಕೊಟ್ಟ ಅಳತೆಯ ಮೇಲೇ ನೀರು, ಫ್ಯಾನು, ಪಾಳಿ ಎಲ್ಲ ತೀರ್ಮಾನವಾಗುತ್ತದೆ, ನಾಳೆ ನಿಮ್ಮ ಪರಿಹಾರವೂ. ಒಣಗಿದ ಗೋಡೆ ಕೊರೆಯುವ ಮೊದಲು ನೀರು ಕೇಳಿ. ಕೆಮ್ಮಿಗೆ ಕಾಯದೆ ಎದೆಯ ಎಕ್ಸ್-ರೇ ತೆಗೆಸಿ. ಅಳೆಯಲು ಬರುವ ವಿದ್ಯಾವಂತರೇ, ಡಬ್ಬಿ ಕೊಟ್ಟು ಮೇಲೆ ಕೂರಬೇಡಿ, ಜೊತೆಗೆ ಇಳಿಯಿರಿ. ಮನೆಯಲ್ಲಿರುವ ಅಕ್ಕತಂಗಿಯರೇ, ಕಂಡದ್ದನ್ನು ನುಂಗಿಕೊಳ್ಳಬೇಡಿ, ಹಿರಿಯರಿಗೆ ಗೊತ್ತಿರುವುದನ್ನು ಕೇಳಿ ತಿಳಿಯಿರಿ. ನಿಮ್ಮವರು ನಾಳೆ ಇಳಿಯುವವರಿದ್ದರೆ ಈ ಮಾತನ್ನು ಇವತ್ತೇ ಎತ್ತಿ.