ಹಿಂದಿನ ಕೋಣೆಗೆ ತಲುಪದ ರೂಟರ್

ಮುಳಬಾಗಿಲಿನ ಹಳೇ ಪೇಟೆಯಲ್ಲಿ ಇನ್‌ಕಮ್ ಟ್ಯಾಕ್ಸ್ ಲೆಕ್ಕ ನೋಡುತ್ತಿದ್ದ ನಾರಾಯಣನಿಗೆ ಒಂದು ಹೆಮ್ಮೆಯಿತ್ತು. ತಾನು ಕೊಂಡು ತಂದ ವಸ್ತು ಯಾವುದೂ ಇವತ್ತಿನವರೆಗೆ ಕೈಕೊಟ್ಟಿಲ್ಲ ಎಂಬುದೇ ಆ ಹೆಮ್ಮೆ. ಅದು ನಿಜವೂ ಆಗಿತ್ತು. ಯಾಕೆಂದರೆ ಅವನು ಒಂದು ವಸ್ತುವನ್ನು ಕೊಳ್ಳುವಷ್ಟರಲ್ಲಿ ಊರಿನ ಉಳಿದವರೆಲ್ಲ ಅದನ್ನು ಕೊಂಡು, ಬಳಸಿ, ಕೆಡಿಸಿ, ರಿಪೇರಿ ಮಾಡಿಸಿಯೂ ಆಗಿರುತ್ತಿತ್ತು. ಮಿಕ್ಸಿಯ ವಿಚಾರಣೆಗೆ ಅವನು ಹೊರಟಾಗ ಮಗಳು ಸಂಹಿತಾ ತೊಟ್ಟಿಲಲ್ಲಿದ್ದಳೆಂದೂ, ಮಿಕ್ಸಿ ಮನೆಗೆ ಬಂದಾಗ ಪೆಟ್ಟಿಗೆ ಹೊತ್ತು ತಂದವಳು ಅವಳೇ ಎಂದೂ ಹೆಂಡತಿ ಸೌಪರ್ಣಿಕಾ ನೆಂಟರ ಮುಂದೆ ಹೇಳುತ್ತಿದ್ದಳು. "ಸ್ವಲ್ಪ ಜಾಸ್ತಿ ಹೇಳ್ತಾಳೆ" ಎಂದು ನಾರಾಯಣ ನಗುತ್ತಿದ್ದ. ಪೂರ್ತಿ ಸುಳ್ಳು ಎಂದು ಹೇಳಲು ಅವನಿಂದಲೂ ಆಗುತ್ತಿರಲಿಲ್ಲ.

ಇಂಥ ನಾರಾಯಣನಿಗೆ ಎರಡು ಸಾವಿರದ ಒಂಬತ್ತರ ಬೇಸಗೆಯಲ್ಲಿ ಅವಸರವಾಗಿ ಒಂದು ವೈರ್‌ಲೆಸ್ ರೂಟರ್ ಕೊಳ್ಳಬೇಕಾಗಿ ಬಂತು. ಕಾರಣ ಅವನ ತಾಯಿ ತುಳಸಮ್ಮ.

ಮನೆಗೆ ಇಂಟರ್ನೆಟ್ ಬಂದು ವರ್ಷವಾಗಿತ್ತು. ಟೆಲಿಫೋನ್ ತಂತಿ ಬೀದಿಯ ಕಡೆಯ ಆಫೀಸು ಕೋಣೆಗೆ ಬಂದು ನಿಲ್ಲುತ್ತಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ಸಂಹಿತಾಳ ಲ್ಯಾಪ್‌ಟಾಪಿಗೂ ಅನುಕೂಲವಾಗಲಿ ಎಂದು ನಾರಾಯಣ ಅಲ್ಲಿಂದ ನಡುಮನೆಗೆ ಒಂದು ಉದ್ದದ ವೈರು ಎಳೆದಿದ್ದ. ಅದು ಹೊಸ್ತಿಲ ಮೇಲೆ ಹಾದುಹೋಗಿತ್ತು. ಒಂದು ಶುಕ್ರವಾರ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬರುತ್ತಿದ್ದ ತುಳಸಮ್ಮನ ಕಾಲು ಆ ವೈರಿಗೆ ಸಿಕ್ಕಿತು. ಸೊಂಟದ ಮೂಳೆ ಮುರಿಯಿತು. ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಮನೆಗೆ ಬಂದವಳು ಅಡಿಗೆಮನೆಯ ಪಕ್ಕದ ತನ್ನ ಕೋಣೆಯಲ್ಲಿ ಮಲಗಿದಳು. ವೈರು ಎಳೆದವರು ಯಾರು ಎಂದು ಆಕೆ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಾರಾಯಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಆ ವೈರನ್ನು ಕಿತ್ತು ಅಟ್ಟಕ್ಕೆ ಎಸೆದ. ಇನ್ನು ಮೇಲೆ ಈ ಮನೆಯ ನೆಲದ ಮೇಲೆ ಒಂದು ದಾರದ ಎಳೆಯೂ ಬೀಳಕೂಡದು ಎಂದು ಎಲ್ಲರಿಗೂ ಹೇಳಿದ.

ತುಳಸಮ್ಮನಿಗೆ ನೋವಿಗಿಂತ ದೊಡ್ಡ ಕೊರಗೊಂದಿತ್ತು. ಆಕೆಯ ಅಕ್ಕ ಶೇಷಮ್ಮ ಶ್ರೀನಿವಾಸಪುರದಲ್ಲಿದ್ದಳು. ತಿಂಗಳಿಗೊಮ್ಮೆಯಾದರೂ ತುಳಸಮ್ಮ ಬಸ್ಸು ಹತ್ತಿ ಹೋಗಿ ಅಕ್ಕನನ್ನು ನೋಡಿಕೊಂಡು ಬರುತ್ತಿದ್ದಳು. ಈಗ ಅದು ನಿಂತಿತು. ಶೇಷಮ್ಮನಿಗೆ ಮಂಡಿನೋವು, ಬರುವಂತಿಲ್ಲ. ಫೋನ್ ಮಾಡೋಣವೆಂದರೆ ಕಿವಿ ಮಂದ. ಎದುರಿಗೆ ಕೂತು ತುಟಿ ನೋಡಿದರೆ ಮಾತ್ರ ಆಕೆಗೆ ಮಾತು ತಿಳಿಯುತ್ತಿತ್ತು.

ಶೇಷಮ್ಮನ ಮಗ ಶ್ರೀಕೃಷ್ಣ ಅಲ್ಲೇ ಮನೆಯ ಕೆಳಗೆ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಅವನೇ ಒಂದು ದಿನ ಫೋನ್ ಮಾಡಿ, "ಚಿಕ್ಕಮ್ಮನ ಮುಂದೆ ಸಂಹಿತಾ ಲ್ಯಾಪ್‌ಟಾಪ್ ಇಡಲಿ ನಾರಾಯಣ. ಕ್ಯಾಮೆರಾ ಇದೆಯಲ್ಲ, ಮುಖ ನೋಡ್ಕೊಂಡು ಮಾತಾಡ್ತಾರೆ" ಎಂದ. ಆದರೆ ಇಂಟರ್ನೆಟ್ ಇದ್ದದ್ದು ಮುಂದಿನ ಕೋಣೆಯಲ್ಲಿ, ತುಳಸಮ್ಮ ಇದ್ದದ್ದು ಹಿಂದಿನ ಕೋಣೆಯಲ್ಲಿ. ನಡುವೆ ನಡುಮನೆ, ದೇವರಮನೆ, ಆಕಾಶಕ್ಕೆ ತೆರೆದ ಅಂಗಳ. ನೆಲದ ಮೇಲೆ ವೈರು ಎಳೆಯುವ ಮಾತೇ ಇಲ್ಲ.

ಹೀಗೆ ರೂಟರಿನ ವಿಚಾರಣೆ ಶುರುವಾಯಿತು. ಬ್ಯಾಂಕಿನ ಚಂದ್ರಮೋಹನ್ ತನ್ನ ಮನೆಯ ರೂಟರ್ ಬಹಳ ಒಳ್ಳೆಯದು ಎಂದ. ಅವನ ಮನೆಗೆ ಇದ್ದದ್ದು ಒಂದೇ ಕೋಣೆ ಎಂಬುದು ಆಮೇಲೆ ತಿಳಿಯಿತು. ರಿಟೈರ್ಡ್ ಹೆಡ್‌ಮಾಸ್ಟರ್ ಸುಬ್ಬರಾಯಪ್ಪನವರು, "ಕೊಂಬು ಜಾಸ್ತಿ ಇದ್ದಷ್ಟೂ ಒಳ್ಳೇದು ಕಣಯ್ಯ" ಎಂದರು. ಅವರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಆದರೂ ಕೊಂಬಿನ, ಎಂದರೆ ಆಂಟೆನಾದ, ಮಾತು ನಾರಾಯಣನ ಮನಸ್ಸಿಗೆ ನಾಟಿತು.

ಕೋಲಾರದ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದ ವಂಶಿಕೃಷ್ಣ ಸೌಪರ್ಣಿಕಾಳ ತಮ್ಮ. ಅವನನ್ನೂ ಕೇಳಿದ್ದಾಯಿತು.

"ಯಾವುದೋ ಒಂದು ತಗೊಳ್ಳಿ ಭಾವ. ಮನೆ ಮಧ್ಯ ಇಡಿ. ಎಲ್ಲಾ ಕಡೆ ಬರುತ್ತೆ" ಎಂದು ವಂಶಿಕೃಷ್ಣ ಎರಡೇ ಮಾತಿನಲ್ಲಿ ಮುಗಿಸಿದ.

ಯಾವುದೋ ಒಂದು! ನಾರಾಯಣ ಫೋನ್ ಇಟ್ಟ. ಮದುವೆಯಾದ ದಿನದಿಂದಲೂ ಈ ಬಾಮೈದ ತನ್ನನ್ನು ಹಗುರವಾಗಿಯೇ ನೋಡುತ್ತಾನೆ ಎಂಬ ಅನುಮಾನ ಅವನಿಗಿತ್ತು. ಈಗ ಅದು ಖಾತ್ರಿಯಾಯಿತು. ಮರುದಿನವೇ ಬೆಂಗಳೂರಿನ ಬಸ್ಸು ಹತ್ತಿ, ಅಂಗಡಿ ಅಂಗಡಿ ತಿರುಗಿ, ಮೂರು ಕೊಂಬಿನ ಒಂದು ರೂಟರ್ ತಂದ. "ಮೂರು ಅಂತಸ್ತಿನ ಮನೆಗೂ ಸಾಕು ಸರ್" ಎಂದು ಅಂಗಡಿಯವನು ಹೇಳಿದ್ದ. ತನ್ನದು ಒಂದೇ ಅಂತಸ್ತು. ಹಾಗಾದರೆ ಎರಡು ಅಂತಸ್ತಿನಷ್ಟು ಉಳಿಕೆ ಎಂದು ಬಸ್ಸಿನುದ್ದಕ್ಕೂ ಅವನಿಗೆ ಖುಷಿ.

ಸಂಜೆ ಸಂಹಿತಾ ಅದನ್ನು ಆಫೀಸು ಕೋಣೆಯಲ್ಲಿ ಜೋಡಿಸಿದಳು. ಹಸಿರು ದೀಪಗಳು ಮಿಣುಕಿದವು. ತುಳಸಮ್ಮ ಆಗಲೇ ಇಸ್ತ್ರಿ ಸೀರೆ ಉಟ್ಟು, ದಿಂಬಿಗೆ ಒರಗಿ, ಕನ್ನಡಕ ಒರೆಸಿಕೊಂಡು ತಯಾರಾಗಿದ್ದಳು. ಅತ್ತ ಶ್ರೀನಿವಾಸಪುರದಲ್ಲೂ ಶೇಷಮ್ಮನನ್ನು ಕಂಪ್ಯೂಟರ್ ಮುಂದೆ ಕೂರಿಸಿಯಾಗಿತ್ತು. ಸಂಹಿತಾ ಲ್ಯಾಪ್‌ಟಾಪ್ ಹಿಡಿದು ಹೊರಟಳು. ಆಫೀಸಿನಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿತ್ತು. ನಡುಮನೆಯಲ್ಲಿ ಅರ್ಧವಾಯಿತು. ದೇವರಮನೆ ದಾಟಿದಾಗ ಒಂದು ಕಡ್ಡಿ ಉಳಿಯಿತು. ಅಜ್ಜಿಯ ಕೋಣೆಯಲ್ಲಿ ಏನೂ ಇಲ್ಲ.

"ಬರ್ಲಿಲ್ವೇನೇ?" ತುಳಸಮ್ಮ ಕೇಳಿದಳು.

"ಇಲ್ಲ ಅಜ್ಜಿ."

"ಇರ್ಲಿ ಬಿಡೋ ನಾಣಿ. ಇವತ್ತಲ್ದಿದ್ರೆ ನಾಳೆ" ಎಂದು ತುಳಸಮ್ಮ ಬಾಗಿಲಲ್ಲಿ ನಿಂತಿದ್ದ ಮಗನಿಗೆ ಹೇಳಿ ಕನ್ನಡಕ ತೆಗೆದಿಟ್ಟಳು. ಬೈದಿದ್ದರೆ ನಾರಾಯಣ ಊಟವಾದರೂ ಮಾಡುತ್ತಿದ್ದ.

ಆ ವಾರವೆಲ್ಲ ರೂಟರ್ ಮನೆಯೊಳಗೆ ಸವಾರಿ ಹೊರಟಿತು. ಬೀರುವಿನ ಮೇಲೆ ಕೂತಿತು, ಕಿಟಕಿಯಲ್ಲಿ ನಿಂತಿತು, ಅಟ್ಟ ಹತ್ತಿತು. ನಾರಾಯಣ ಮೂರು ಕೊಂಬುಗಳನ್ನೂ ನೆಟ್ಟಗೆ ಮಾಡಿ ನೋಡಿದ, ಅಡ್ಡ ಮಾಡಿ ನೋಡಿದ, ಒಂದೊಂದನ್ನು ಒಂದೊಂದು ದಿಕ್ಕಿಗೆ ತಿರುಗಿಸಿ ನೋಡಿದ. ಕಕ್ಷಿದಾರರ ಫೈಲುಗಳು ಹಾಗೇ ಬಿದ್ದಿದ್ದವು.

"ವಂಶಿನ ಕರೀಲಾ?" ಎಂದಳು ಸೌಪರ್ಣಿಕಾ. ಅವಳು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಾತು ಕಡಿಮೆ.

"ಬೇಡ. ಇದೊಂದು ಸಣ್ಣ ವಿಷಯ."

"ಸಣ್ಣ ವಿಷಯಕ್ಕೇ ಕರೀತೀನಿ, ದೊಡ್ಡದಕ್ಕೆ ನೀವಿದೀರಲ್ಲ" ಎಂದು ಅವಳು ಫೋನ್ ತೆಗೆದುಕೊಂಡೇಬಿಟ್ಟಳು.

ಭಾನುವಾರ ವಂಶಿಕೃಷ್ಣ ಬೈಕಿನಲ್ಲಿ ಬಂದಿಳಿದ. ರೂಟರನ್ನು ನೋಡಿ, "ಏನ್ ಭಾವ, ತಲೆಕೆಳಗಾಗಿಟ್ಟ ಸ್ಟೂಲ್ ಥರ ಇದೆ" ಎಂದ. ಮನೆಯನ್ನು ಹಿಂದೆ ಮುಂದೆ ಅಳೆದು, ನಡುಮಧ್ಯ ಎಂದರೆ ದೇವರಮನೆ ಎಂದು ತೀರ್ಮಾನಿಸಿದ. ತುಳಸಮ್ಮ ಮಲಗಿದಲ್ಲಿಂದಲೇ, "ದೇವರ ಪಕ್ಕದಲ್ಲಿ ಅದನ್ನಿಟ್ರೆ ನಾನು ಎದ್ದು ನಡ್ಕೊಂಡು ಬರ್ತೀನಿ, ನೋಡು" ಎಂದು ಕೂಗಿದಳು. ಹಾಗಾಗಿ, ನೋಡಿ ಮುಗಿಯುವವರೆಗೆ ಮಾತ್ರ ಎಂದು ಅಟ್ಟದ ವೈರನ್ನು ಇಳಿಸಿ, ಅದನ್ನು ದೇವರಮನೆಯ ಹೊರಗಿನ ಗೂಡಿಗೆ ತಂದದ್ದಾಯಿತು. ವಂಶಿಕೃಷ್ಣ ಅಂಗಿಯ ತೋಳು ಮಡಚಿ, "ಈಗ ನೋಡಿ" ಎಂದ. ಎಲ್ಲರೂ ನೋಡಿದರು. ಒಂದೇ ಕಡ್ಡಿ ಬಂತು, ಅದೂ ನಿಲ್ಲಲಿಲ್ಲ.

"ಈ ಗೋಡೆ ಎಷ್ಟು ದಪ್ಪ ಇದೆ ಭಾವ?"

"ಒಂದೂವರೆ ಅಡಿ. ಪೂರ್ತಿ ಕಲ್ಲು. ನಮ್ಮ ತಾತ ಕಟ್ಸಿದ್ದು."

"ಮನೆ ಕಟ್ಸಿದ್ರಾ, ಕೋಟೆ ಕಟ್ಸಿದ್ರಾ?"

ನಾರಾಯಣ ಮುಖ ಗಂಭೀರವಾಗಿ ಇಟ್ಟುಕೊಂಡ. ಒಳಗೊಳಗೆ ಮಾತ್ರ, ರೂಟರ್ ತಂದ ದಿನದಿಂದ ಇಷ್ಟು ಸಮಾಧಾನ ಅವನಿಗೆ ಆಗಿರಲಿಲ್ಲ. ಪಾಲಿಟೆಕ್ನಿಕ್ಕಿನ ಲೆಕ್ಚರರಿಗೂ ಆಗಲಿಲ್ಲವಲ್ಲ! ತಾಯಿಯ ಕೆಲಸ ಹಾಗೇ ಉಳಿದಿದೆ ಎಂದು ನೆನಪಾದ ಮೇಲೆ ಆ ಸಮಾಧಾನಕ್ಕೆ ಅವನಿಗೇ ನಾಚಿಕೆಯಾಯಿತು. "ಬಾರೋ ವಂಶಿ, ಇಬ್ಬರೂ ಸೇರಿ ನೋಡೋಣ" ಎಂದ. ಭಾವ ಹೀಗೆ ಕರೆದದ್ದನ್ನು ವಂಶಿಕೃಷ್ಣ ಕೇಳಿದ್ದು ಅದೇ ಮೊದಲು.

ನಾರಾಯಣ ರೂಟರನ್ನು ಎರಡು ಕೈಯಲ್ಲಿ ಎತ್ತಿಕೊಂಡ. ವಂಶಿಕೃಷ್ಣ ವೈರಿನ ಸುರುಳಿ ಹಿಡಿದು ಹಿಂದೆ ನಡೆದ. ಅಜ್ಜಿಯ ಮಂಚದ ಮೇಲೆ ಕೂತ ಸಂಹಿತಾ "ಬಂತು, ಹೋಯ್ತು, ಬಂತು" ಎಂದು ಕೂಗುತ್ತಿದ್ದಳು. ಅಂಗಳಕ್ಕೆ ಕಾಲಿಟ್ಟದ್ದೇ, "ಅಪ್ಪಾ, ಪೂರ್ತಿ ಬಂತು! ಅಲ್ಲೇ ನಿಂತ್ಕೊಳ್ಳಿ!" ಎಂದು ಕಿರುಚಿದಳು. ಅಂಗಳದಲ್ಲಿ ಗೋಡೆಯ ಅಡ್ಡಿಯಿರಲಿಲ್ಲ, ತುಳಸಮ್ಮನ ಕಿಟಕಿ ನೇರ ಅಲ್ಲಿಗೇ ತೆರೆಯುತ್ತಿತ್ತು. ರೂಟರನ್ನು ಅಲ್ಲಿದ್ದ ಒರಳುಕಲ್ಲಿನ ಮೇಲೆ ಇಟ್ಟು ಭಾವ ಬಾಮೈದ ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತ ಕಾಫಿಗೆಂದು ಒಳಗೆ ಹೋದರು.

ಅವರು ಲೋಟ ಕೆಳಗಿಡುವ ಮೊದಲೇ ಮಾಳಿಗೆಯಿಂದ ಒಂದು ಕೋತಿ ಇಳಿದು ಬಂತು. ಬೆಟ್ಟದ ಕಡೆಯ ಕೋತಿಗಳು ಆ ಬೀದಿಗೆ ಹೊಸಬರೇನಲ್ಲ. ಅದು ರೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೂರು ಕೊಂಬುಗಳನ್ನೂ ಮೂಸಿ, ನಡುವಿನದನ್ನು ಆರಿಸಿಕೊಂಡು ತಿರುಗಿಸಿ ಕಿತ್ತಿತು. ಸೌಪರ್ಣಿಕಾ "ಹಚಾ ಹಚಾ" ಎನ್ನುತ್ತ ಪೊರಕೆ ಹಿಡಿದು ಓಡುವಷ್ಟರಲ್ಲಿ ಕೊಂಬಿನ ಸಮೇತ ಮಾಳಿಗೆ ಹತ್ತಿ, ಅದನ್ನು ಕಡಿದು ನೋಡಿ, ರುಚಿ ಹಿಡಿಸದೆ ಪಕ್ಕದ ಮನೆಯ ನೀರಿನ ತೊಟ್ಟಿಗೆ ಎಸೆಯಿತು.

ತುಳಸಮ್ಮ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. "ನೀನು ಎಷ್ಟೊಂದು ಜನರನ್ನ ಕೇಳಿ ಆರಿಸ್ದೆ ನಾಣಿ. ಅದು ಯಾರನ್ನೂ ಕೇಳ್ಲಿಲ್ಲ" ಎಂದು ನಗತೊಡಗಿದಳು. ನಕ್ಕರೆ ಸೊಂಟ ನೋಯುತ್ತಿತ್ತು. ನೋಯುತ್ತಿದ್ದರೂ ನಗು ನಿಲ್ಲಲಿಲ್ಲ. ಅವಳು ಬಿದ್ದ ಮೇಲೆ ಹಾಗೆ ನಕ್ಕದ್ದು ನಾರಾಯಣನಿಗೆ ಕೇಳಿಸಿದ್ದು ಅಂದೇ ಮೊದಲು.

ಪೊರಕೆಯನ್ನು ಮೂಲೆಗಿಟ್ಟ ಸೌಪರ್ಣಿಕಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇಷ್ಟು ದೊಡ್ಡ ಮನೆಗೆ ಒಂದೇ ಬಲ್ಬ್ ಹಾಕಿ, ಅದನ್ನ ಕೈಯಲ್ಲಿ ಹಿಡ್ಕೊಂಡು ಓಡಾಡ್ತೀವೇನ್ರೀ? ಮುಂದಕ್ಕೊಂದು, ಹಿಂದಕ್ಕೊಂದು ಹಾಕೋಕೆ ಆಗಲ್ವಾ?"

ಭಾವ ಬಾಮೈದನ ಮುಖ ನೋಡಿದ. ಬಾಮೈದ ಭಾವನ ಮುಖ ನೋಡಿದ.

"ಆಗುತ್ತೆ" ಎಂದ ವಂಶಿಕೃಷ್ಣ ಮೆಲ್ಲಗೆ. "ನಮ್ಮ ಲ್ಯಾಬಲ್ಲಿ ಹಾಗೇ ಮಾಡಿರೋದು. ಆದ್ರೆ ಎರಡಕ್ಕೂ ಮಧ್ಯ ವೈರ್ ಎಳೀಬೇಕು ಭಾವ."

ವೈರು ಎಂದದ್ದೇ ನಾರಾಯಣನ ಮುಖ ಬಿಗಿಯಿತು. ಅವನು ಅಂಗಳಕ್ಕೆ ಇಳಿದು ಸುತ್ತಲೂ ನೋಡಿದ. ಕಣ್ಣು ನೆಲದಿಂದ ಮೇಲಕ್ಕೆ ಹೋಗಿ ಸೂರಿನ ಅಂಚಿನಲ್ಲಿ ನಿಂತಿತು. "ಮೇಲಿಂದ ಎಳೆಯೋಣ. ಯಾರ ತಲೆಗೂ ತಾಗಬಾರದು. ಕೆಳಗೆ ಮಾತ್ರ ಎಲ್ಲೂ ಇಳಿಯಬಾರದು" ಎಂದ.

ವಂಶಿಕೃಷ್ಣ ಕೋಲಾರಕ್ಕೆ ಹೋಗಿ ತನ್ನ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಒಂದು ಸಾಧಾರಣ ರೂಟರನ್ನೂ ಹೊಸ ವೈರನ್ನೂ ತಂದ. ಮರುದಿನವೆಲ್ಲ ಇಬ್ಬರೂ ಏಣಿ ಹತ್ತಿ ಇಳಿದರು. ವೈರು ಆಫೀಸಿನಿಂದ ಹೊರಟು ಬಾಗಿಲ ಮೇಲ್ಗಡೆ ಏರಿ, ಸೂರಿನಡಿಯ ತೊಲೆಗಳನ್ನು ಹಿಡಿದುಕೊಂಡು ಅಂಗಳವನ್ನು ಸುತ್ತಿ, ಕಿಟಕಿಯ ಮೂಲೆಯಿಂದ ತುಳಸಮ್ಮನ ಕೋಣೆಗೆ ಬಂತು. ಕೊಂಬು ಮುರಿದ ರೂಟರ್ ಮುಂದೆ, ಸಾಧಾರಣದ್ದು ಹಿಂದೆ, ತುಳಸಮ್ಮನ ಕೋಣೆಯ ಗೂಡಿನಲ್ಲಿ. ಸಾಯಂಕಾಲ ಪಕ್ಕದ ಮನೆಯವರು ಬಂದು ನೋಡಿದಾಗ ವಂಶಿಕೃಷ್ಣ "ನಮ್ಮ ಐಡಿಯಾ" ಎಂದ. ನಾರಾಯಣ "ಹೌದು, ನಮ್ಮಿಬ್ಬರದೂ" ಎಂದ. ಸೌಪರ್ಣಿಕಾ ನಡುಮನೆಯಲ್ಲಿ ಕೂತು ಹುಡುಗಿಯರ ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆಯೆತ್ತದೆ ಒಂದು ತಪ್ಪಿಗೆ ಸ್ವಲ್ಪ ಜೋರಾಗಿಯೇ ಗೀಟು ಎಳೆದಳು.

ತುಳಸಮ್ಮ ಮತ್ತೆ ಇಸ್ತ್ರಿ ಸೀರೆ ಉಟ್ಟಳು. ಸಂಹಿತಾ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿನ ಮಣೆಯ ಮೇಲಿಟ್ಟಳು. ಪರದೆ ಕಪ್ಪಾಯಿತು, ಬೆಳ್ಳಗಾಯಿತು, ಆಮೇಲೆ ಬೊಟ್ಟು ಸರಿಮಾಡಿಕೊಳ್ಳುತ್ತಿದ್ದ ಶೇಷಮ್ಮನ ಮುಖ ದೊಡ್ಡದಾಗಿ ತುಂಬಿಕೊಂಡಿತು.

"ಏಮೇ ತುಳಸಿ!" ಶೇಷಮ್ಮ ಆ ಸೀಮೆಯ ತೆಲುಗು ಬೆರೆಸಿ ಇಡೀ ಬೀದಿಗೆ ಕೇಳುವಂತೆ ಕೂಗಿದಳು. "ಇಷ್ಟು ಸಣ್ಣಗಾಗಿದೀಯಲ್ಲೇ! ನಿನ್ನ ಸೊಸೆ ಅನ್ನ ಹಾಕ್ತಾಳೋ ಇಲ್ವೋ?"

ಬಾಗಿಲಲ್ಲಿದ್ದ ಸೌಪರ್ಣಿಕಾ ತುಟಿ ಬಿಗಿಹಿಡಿದಳು. ನಾರಾಯಣ ತೊಲೆಗಳನ್ನು ನೋಡುತ್ತ ನಿಂತ.

ತುಳಸಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು, ಅಕ್ಕನಿಗೆ ತುಟಿ ಕಾಣಲೆಂದು ಮುಖವನ್ನು ಮುಂದಕ್ಕೆ ಚಾಚಿ, ಬಿಡಿಬಿಡಿಯಾಗಿ, "ಹಾಕ್ತಾಳೆ ಅಕ್ಕಯ್ಯ. ಚೆನ್ನಾಗಿ ನೋಡ್ಕೊಳ್ತಾಳೆ. ನಿನ್ನ ಮಂಡಿ ಹೇಗಿದೆ?" ಎಂದಳು. ಶೇಷಮ್ಮ ತಲೆಯಾಡಿಸಿದಳು. ಎಲ್ಲವೂ ತಿಳಿಯಿತು! ಮಂಡಿಯ ಕಥೆಯಾಯಿತು, ಸೊಂಟದ ಕಥೆಯಾಯಿತು, ಕೋತಿಯ ಕಥೆಯನ್ನು ತುಳಸಮ್ಮ ಕೈ ಮಾಡಿ ತೋರಿಸಿದ್ದಾಯಿತು. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಶೇಷಮ್ಮ ಒಳಗಿಂದ ಒಂದು ಭರಣಿ ತರಿಸಿ, ಮುಚ್ಚಳ ತೆಗೆದು ಕ್ಯಾಮೆರಾಕ್ಕೆ ಒಡ್ಡಿದಳು.

"ಈ ಸಲದ ಮಾವಿನಕಾಯಿ. ನೋಡು, ಎಲಾ ಉಂದಿ?"

ಹೇಗಿದೆ ಎಂದು ಕೇಳಿದ್ದಕ್ಕೆ ತುಳಸಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಮೆಂತ್ಯ ಜಾಸ್ತಿಯಾಗಿದೆ."

"ಏನಂದೆ?"

"ಮೆಂತ್ಯ. ಜಾಸ್ತಿ. ಬಣ್ಣ ನೋಡಿದ್ರೇ ಗೊತ್ತಾಗುತ್ತೆ. ಅಮ್ಮ ಹೀಗೆ ಹಾಕ್ತಿರ್ಲಿಲ್ಲ."

"ಅಮ್ಮನ ಕೈಲಿ ಕಲಿತವಳು ನಾನು! ನೀನು ಆಗ ಗೋಲಿ ಆಡ್ಕೊಂಡು..." ಎಂದು ಶೇಷಮ್ಮ ಕೈಯೆತ್ತಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ರೂಟರಿನ ದೀಪ ಆರಿತು. ಬ್ಯಾಟರಿಯಲ್ಲಿ ಬೆಳಗುತ್ತಿದ್ದ ಲ್ಯಾಪ್‌ಟಾಪಿನಲ್ಲಿ ಶೇಷಮ್ಮ ಎತ್ತಿದ ಕೈ ಎತ್ತಿದ ಹಾಗೆ, ತೆರೆದ ಬಾಯಿ ತೆರೆದ ಹಾಗೆ ನಿಂತುಬಿಟ್ಟಳು.

"ನೋಡ್ದ್ಯಾ, ಮಾತು ಬಿಟ್ಲು" ಎಂದಳು ತುಳಸಮ್ಮ.

"ಇಲ್ಲ ಅಜ್ಜಿ, ಕರೆಂಟ್ ಹೋಯ್ತು."

"ನಿನಗೆ ಗೊತ್ತಿಲ್ಲ. ಚಿಕ್ಕಂದಿನಿಂದ್ಲೂ ಹೀಗೇ. ಸೋಲ್ತೀನಿ ಅಂತ ಗೊತ್ತಾದ್ರೆ ಬಾಯಿ ಮುಚ್ಕೊಂಡು ಕೂತ್ಬಿಡ್ತಾಳೆ."

ಬಾಯಿ ತೆರೆದೇ ಇದೆಯಲ್ಲ ಎಂದು ಸಂಹಿತಾ ಹೇಳಲು ಹೊರಟಳು. ನಾರಾಯಣ ಸನ್ನೆ ಮಾಡಿ ತಡೆದ. ಮಂಚದ ಅಂಚಿನಲ್ಲಿ ಕೂತು, ಗೋಡೆಗೆ ಸಿಕ್ಕಿಸಿದ್ದ ಬೀಸಣಿಗೆ ತೆಗೆದುಕೊಂಡು ತಾಯಿಗೆ ಗಾಳಿ ಹಾಕತೊಡಗಿದ. ತುಳಸಮ್ಮ ಅವನ ಮೊಣಕೈ ಮೇಲೆ ಕೈಯಿಟ್ಟಳು. ಕಣ್ಣು ಮಾತ್ರ ಪರದೆಯ ಮೇಲೆಯೇ ಇತ್ತು.

ಕರೆಂಟು ಬಂದಾಗ ಹೊತ್ತು ಮುಳುಗಿತ್ತು. ಗೂಡಿನಲ್ಲಿ ಹಸಿರು ದೀಪ ಹತ್ತಿದ್ದನ್ನು ಮೊದಲು ಕಂಡವಳು ತುಳಸಮ್ಮನೇ. ದಿಂಬಿಗೆ ಒರಗಿದ್ದವಳು ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು.

"ಸಂಹಿತಾ, ಕರಿಯೇ ಅವಳನ್ನ. ಮೆಂತ್ಯ ಎಷ್ಟು ಹಾಕಿದಾಳೆ ಅಂತ ಇವತ್ತು ಹೇಳಿಸ್ದೇ ಬಿಡಲ್ಲ."