ಅರ್ಧ ಗುಡಾರ

ಪರದೆ ಹೊಲಿಯುವ ಅಂಗಡಿಯ ಅಕ್ಕ-ತಂಗಿಯರನ್ನು ಆ ಬೀದಿಯವರು ದೊಡ್ಡವಳು, ಚಿಕ್ಕವಳು ಎಂದೇ ಕರೆಯುತ್ತಿದ್ದರು. ಚಿಕ್ಕವಳ ಕಿವಿಯ ಮೇಲಿನ ಕೂದಲು ನರೆತು ಎಷ್ಟೋ ಕಾಲವಾಗಿತ್ತು. ಆದರೂ ಅವಳು ಚಿಕ್ಕವಳೇ. ಗಿರಾಕಿಗಳ ಮನೆಗೆ ಹೋಗಿ ಕಿಟಕಿಯ ಅಳತೆ ತರುವವಳು ಅಕ್ಕ, ಬಟ್ಟೆ ಕತ್ತರಿಸುವವಳು ಅಕ್ಕ, ಬಾಯಿ ಮಾಡಬೇಕಾದಲ್ಲಿ ಬಾಯಿ ಮಾಡುವವಳೂ ಅಕ್ಕ. ತಂಗಿ ಹೊಲಿಯುವವಳು. ಇಷ್ಟು ವರ್ಷದ ಕಸುಬಿನಲ್ಲಿ ಅವಳು ಒಂದು ಸಲವೂ ಹೊಸ ಬಟ್ಟೆಗೆ ಕತ್ತರಿ ಇಟ್ಟವಳಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದು ತಪ್ಪಿದರೆ ಯಾರ ಹತ್ತಿರ ಹೋಗಿ ಅಳೋಣ ಎನ್ನುತ್ತಿದ್ದಳು.

ಹೀಗಿರುವಾಗ ಅಕ್ಕ, ಐವತ್ತು ಸಮೀಪಿಸಿದ ವಯಸ್ಸಿನಲ್ಲಿ, ಮದುವೆಗೆ ಹೂಂ ಎಂದುಬಿಟ್ಟಳು. ಗಂಡು ಕಡಲ ದಂಡೆಯ ಊರಿನಲ್ಲಿ ದೋಣಿ ದುರಸ್ತಿ ಮಾಡುವವನು. ಬಹಳ ಒಳ್ಳೆಯವನು, ಅದೇ ತೊಂದರೆ. ತಂಗಿ ಎಷ್ಟು ಹುಡುಕಿದರೂ ಬೈಯಲು ಏನೂ ಸಿಗಲಿಲ್ಲ.

"ನೀನೂ ಬಾ. ಅಲ್ಲೂ ಮನೆಗಳಿಗೆ ಕಿಟಕಿ ಇರ್ತವೆ," ಎಂದಳು ಅಕ್ಕ.

"ನಾನು ಇಲ್ಲೇ ಇರ್ತೀನಿ. ಅಂಗಡಿ ನೋಡ್ಕೊತೀನಿ."

"ಒಬ್ಬಳೇ? ಒಬ್ಬಳೇ ನೀನು ರಸ್ತೆ ದಾಟೋದೂ ಅಷ್ಟರಲ್ಲೇ ಇದೆ."

ಆ ಮಾತು ತಂಗಿಗೆ ಚುರ್ರೆಂದಿತು. ಅಂಗಡಿ ತನಗೆ ಬಿಟ್ಟುಕೊಡಿ ಎಂದು ಪಕ್ಕದ ಕುರ್ಚಿ-ಮೇಜಿನ ಅಂಗಡಿಯವನು ಆಗಲೇ ದುಂಬಾಲು ಬಿದ್ದಿದ್ದ, ಸೋಮವಾರ ಅವನಿಗೆ ಉತ್ತರ ಹೇಳಬೇಕಿತ್ತು. "ನೋಡ್ತಿರು," ಎಂದಳು ತಂಗಿ. "ಈ ಶನಿವಾರ ನಮ್ಮ ಬೆಟ್ಟಕ್ಕೆ ನಾನೊಬ್ಬಳೇ ಹೋಗಿ, ಒಂದು ರಾತ್ರಿ ಇದ್ದು ಬರ್ತೀನಿ. ಆಯ್ತು ಅಂದ್ರೆ ಅಂಗಡಿ ನಂದು. ಹೆದರಿ ಅರ್ಧಕ್ಕೆ ಓಡಿ ಬಂದ್ರೆ ಬಾಯಿ ಮುಚ್ಚಿಕೊಂಡು ನಿನ್ನ ಹಿಂದೆ ಬರ್ತೀನಿ, ಸರಿನಾ?"

"ಸರಿ," ಎಂದಳು ಅಕ್ಕ, ಕತ್ತರಿಯಿಂದ ಕಣ್ಣೆತ್ತದೆ.

ಪ್ರತಿ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಇಬ್ಬರೂ ಬೆನ್ನಿಗೆ ಚೀಲ ಏರಿಸಿ ಆ ಬೆಟ್ಟಗಳಿಗೆ ಹೋಗುವುದಿತ್ತು. ಅಕ್ಕ ಮುಂದೆ, ತಂಗಿ ಹಿಂದೆ. ನಿಜ ಹೇಳಬೇಕೆಂದರೆ ತಂಗಿ ಬೆಟ್ಟವನ್ನು ಅಷ್ಟಾಗಿ ನೋಡಿರಲೇ ಇಲ್ಲ, ನೋಡಿದ್ದೆಲ್ಲ ಅಕ್ಕನ ಹಿಮ್ಮಡಿಗಳನ್ನು. ಈ ಸಲ ಬಸ್ಸಿಳಿದು ಕಾಡಿನ ದಾರಿ ಹಿಡಿದಾಗ ಕಣ್ಣ ಮುಂದೆ ಹಿಮ್ಮಡಿಗಳಿರಲಿಲ್ಲ, ಬರಿಯ ದಾರಿಯಿತ್ತು. ಅವಳಿಗೆ ಸ್ವಲ್ಪ ಹೊತ್ತು ಕಾಲೇ ಏಳಲಿಲ್ಲ.

ಆಮೇಲೆ ಎದ್ದವು. ಮಂಜು ಮರಗಳ ನಡುವೆ ನಿಧಾನವಾಗಿ ಇಳಿದುಬರುತ್ತಿತ್ತು, ಅವಳು ನಿಧಾನವಾಗಿ ಹತ್ತುತ್ತಿದ್ದಳು. ಎಲ್ಲೋ ಒಂದು ಕಡೆ ಮಂಜೂ ಅವಳೂ ಒಬ್ಬರೊಳಗೊಬ್ಬರು ಹಾದು ಹೋದರು. ಪಾಚಿ ಬೆಳೆದ ಬಂಡೆಗಳ ಮೇಲೆ ಕಾಲಿಟ್ಟರೆ ಸದ್ದೇ ಆಗುತ್ತಿರಲಿಲ್ಲ. ತಾನು ನಡೆಯುತ್ತಿದ್ದೇನೋ, ನಿಂತಲ್ಲೇ ಇದ್ದು ಕಾಡೇ ಹಿಂದಕ್ಕೆ ಸರಿಯುತ್ತಿದೆಯೋ ಎಂದು ಅನುಮಾನ ಬಂತು. ಕಾಣದ ಹಕ್ಕಿಯೊಂದು ಏನನ್ನೋ ಕೇಳುತ್ತಿತ್ತು, ಬಹಳ ದೂರದಿಂದ ಇನ್ನೊಂದು ಹಕ್ಕಿ ಇಲ್ಲ, ಇಲ್ಲ ಎನ್ನುತ್ತಿತ್ತು. ಅವುಗಳ ಸಂಸಾರದ ಮಾತಿಗೆ ತಾನೇಕೆ ಕಿವಿಗೊಡಬೇಕೆಂದು ಅವಳು ಮುಂದೆ ನಡೆದಳು. ಮರಗಳು ಗಿಡ್ಡವಾದವು, ವಿರಳವಾದವು, ಒಮ್ಮೆಲೇ ಮುಗಿದುಹೋದವು. ಮುಂದೆ ಹುಲ್ಲುಗಾವಲು, ಅದರ ತುದಿಯಲ್ಲಿ ಅಲುಗಾಡದ ಒಂದು ಕೆರೆ. ಆಕಾಶ ಕೆರೆಯಲ್ಲಿತ್ತೋ ಮೇಲಿತ್ತೋ ಹೇಳುವಂತಿರಲಿಲ್ಲ. ಇಷ್ಟು ಚೆಂದವಿದ್ದದ್ದನ್ನು ಅಕ್ಕ ಒಬ್ಬಳೇ ಇಷ್ಟು ವರ್ಷ ನೋಡಿಕೊಂಡಳಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಕೆರೆಯ ಪಕ್ಕ ಚೀಲ ಬಿಚ್ಚಿದಳು. ಗುಡಾರದ ಬಟ್ಟೆ ಬಂತು. ಹಾಸಿಗೆ ಬಂತು. ಪಾತ್ರೆ ಬಂತು. ಚೀಲದ ತಳಕ್ಕೆ ಕೈ ಹಾಕಿ ತಡಕಾಡಿದಳು. ಕೈಗೆ ತಳವೇ ಸಿಕ್ಕಿತು. ಗುಡಾರದ ಎರಡು ಕೋಲು ಇಲ್ಲ, ಗೂಟಗಳಿಲ್ಲ, ಒಲೆಯಿಲ್ಲ, ಬೆಂಕಿಪೊಟ್ಟಣವಿಲ್ಲ. ಅವೆಲ್ಲ ಯಾವಾಗಲೂ ಅಕ್ಕನ ಚೀಲದಲ್ಲಿ ಹೋಗುವ ಸಾಮಾನು. ಸಿಟ್ಟಿನಲ್ಲಿ ಚೀಲ ತುಂಬಿದ ಕೈ, ತನ್ನ ಪಾಲಿನದ್ದನ್ನಷ್ಟೇ ಅಚ್ಚುಕಟ್ಟಾಗಿ ತುಂಬಿಕೊಂಡು ಬಂದಿತ್ತು.

ಮೊದಲು ನಗು ಬಂತು. ಆಮೇಲೆ, ಯಾರೂ ಕೇಳುವವರಿಲ್ಲವೆಂದು ಗೊತ್ತಿದ್ದರಿಂದ, ಗಟ್ಟಿಯಾಗಿ ಅಳು ಬಂತು. ಅಷ್ಟರಲ್ಲಿ ಬೆಟ್ಟದ ಆಚೆ ಮೋಡ ಕಟ್ಟುತ್ತಿತ್ತು. ಇಳಿದುಹೋಗಲು ಇನ್ನೂ ಬೆಳಕಿತ್ತು, ಕೆಳಗೆ ಬಸ್ಸೂ ಇತ್ತು. ಹೋದರೆ ಅಂಗಡಿ ಹೋಯಿತು. ಹೋಗದಿದ್ದರೆ ಗಾಳಿ ಮಳೆಯಲ್ಲಿ ತನ್ನ ಜೀವ ಹೋಯಿತು.

ಗುಡಾರ ಅವರೇ ಮಾಡಿಕೊಂಡದ್ದು, ಅಕ್ಕ ಕತ್ತರಿಸಿ, ತಂಗಿ ಹೊಲಿದದ್ದು. ನೆಲದ ಬಟ್ಟೆ, ಗೋಡೆಯ ಬಟ್ಟೆ ಎಲ್ಲ ಸೇರಿಸಿ ಚೀಲದಂತೆ ಹೊಲಿದಿದ್ದರಿಂದ ಕೋಲಿಲ್ಲದೆ ಅದು ನಿಲ್ಲುವಂತಿರಲಿಲ್ಲ. ಸುತ್ತಿಕೊಂಡು ಮಲಗಿ ನೋಡಿದಳು. ಒಳಗೆ ಉಸಿರೇ ನೀರಾಗಿ ಇಳಿಯಿತು. ದೊಡ್ಡ ಬಂಡೆಯೊಂದಿತ್ತು. ಅದರ ತಲೆಯಿಂದ ಇಳಿಜಾರಾಗಿ ಬಟ್ಟೆ ಎಳೆದು ಕಲ್ಲು ಹೇರಿದರೆ ಸೂರಾಗುತ್ತದೆ, ಆದರೆ ಮೊದಲು ಗುಡಾರ ಬಿಚ್ಚಬೇಕು. ದಾರ ಪೋಣಿಸಿ ಕಾಲರಿನಲ್ಲಿ ಸದಾ ಚುಚ್ಚಿಕೊಂಡಿರುವ ಸೂಜಿಯಿಂದ ಹೊಲಿಗೆ ಎಬ್ಬಿಸಲು ಕೂತಳು. ಏಳಲಿಲ್ಲ. ಎರಡೆರಡು ಸಾಲು, ಒಂದೊಂದು ಟಾಕೂ ಕಲ್ಲಿನ ಹಾಗೆ.

"ಯಾವಳೇ ಇದನ್ನ ಹೊಲಿದವಳು!" ಎಂದು ತನ್ನನ್ನೇ ಬೈದುಕೊಂಡಳು.

ಮೊದಲ ಹನಿ ಮೂಗಿನ ಮೇಲೆ ಬಿತ್ತು. ಅವಳು ಬ್ರೆಡ್ಡಿನ ಚಾಕು ತೆಗೆದಳು. ಅಕ್ಕ ಕತ್ತರಿಸುವ ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ. ಇವಳ ಹತ್ತಿರ ಗೆರೆಯೂ ಇಲ್ಲ, ಅಕ್ಕನೂ ಇಲ್ಲ. ಹಲ್ಲು ಕಚ್ಚಿ, ನಟ್ಟನಡುವೆ, ಒಳ್ಳೆಯ ಬಟ್ಟೆಗೆ ಚಾಕು ಹಾಕಿ ಎಳೆದುಬಿಟ್ಟಳು. ಸರ್ರೆಂದು ಸದ್ದಾಯಿತು. ಆಕಾಶ ಕೆಳಗೆ ಬೀಳಲಿಲ್ಲ. ಅವಳಿಗೆ ಎಂಥ ಖುಷಿಯಾಯಿತೆಂದರೆ, ಇನ್ನೂ ಒಂದು ಕಡೆ ಬೇಕಿಲ್ಲದಿದ್ದರೂ ಕತ್ತರಿಸಿದಳು.

ಬಟ್ಟೆಯನ್ನು ಬಂಡೆಗೆ ಎಳೆದು ಕಲ್ಲು ಹೇರಿ, ಬೇಡದೆಡೆ ಬಿದ್ದ ಸೀಳನ್ನು ಮಡಚಿ ಟಾಕು ಹಾಕಿ ಒಳಗೆ ತೂರಿಕೊಂಡಾಗ ಮಳೆ ಜೋರಾಯಿತು. ಆಗ ಹಸಿವಾಯಿತು. ಒಣ ಬ್ರೆಡ್ಡು ಅಷ್ಟು ರುಚಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನಿದ್ದೆ ಬಂತು. ನಿದ್ದೆಯಲ್ಲಿ ಬೆಟ್ಟಗಳಿಗೆಲ್ಲ ಕಿಟಕಿಗಳಿದ್ದವು, ಒಂದು ಕಿಟಕಿಗೂ ಪರದೆ ಇರಲಿಲ್ಲ, ಅವಳು ಒಂದೊಂದರೊಳಗೂ ಇಣುಕಿ ನೋಡುತ್ತ ಗಾಳಿಯಲ್ಲಿ ನಡೆದು ಹೋಗುತ್ತಿದ್ದಳು. ಎಚ್ಚರವಾದಾಗ ಸೂರಿನ ಸೊಟ್ಟ ಅಂಚಿನಾಚೆ ಕೆರೆ ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಬಹಳ ಹೊತ್ತು ಏಳಲೇ ಇಲ್ಲ.

ಭಾನುವಾರ ಮಧ್ಯಾಹ್ನ ಕಾಡಿನಿಂದ ಹೊರಬಂದರೆ, ಬಸ್ಸು ನಿಲ್ಲುವಲ್ಲಿ ಅಕ್ಕ ನಿಂತಿದ್ದಳು. ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿಯಲ್ಲೇ ಬಂದಿದ್ದಳು.

"ಕೋಲು ಬಾಗಿಲ ಹಿಂದೆ ನಿಂತಿದ್ವು ಕಣೇ! ಇವತ್ತು ಬೆಳಿಗ್ಗೆ ನೋಡಿದೆ. ಜೀವ ಬಾಯಿಗೆ ಬಂತು. ಹಾಗೇ ಓಡಿ ಬಂದೆ."

"ಎಲ್ಲಿ ಕೋಲು?"

ಅಕ್ಕ ತನ್ನ ಎರಡು ಖಾಲಿ ಕೈಗಳನ್ನು ನೋಡಿಕೊಂಡಳು. "ಅಲ್ಲೇ ಇದಾವೆ," ಎಂದಳು.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ತಗ್ಗಿದ ಮೇಲೆ ತಂಗಿ ಚೀಲದಿಂದ ಬಟ್ಟೆ ತೆಗೆದು ತೋರಿಸಿದಳು. ಅಕ್ಕ ಕಸುಬಿನ ರೂಢಿಯಂತೆ ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದಳು.

"ಸೊಟ್ಟ."

"ಹೌದು, ಸೊಟ್ಟ."

"ನೀರು ಬಂತಾ ಒಳಗೆ?"

"ಒಂದು ಹನೀನೂ ಇಲ್ಲ."

ಅಕ್ಕ ಬೆಂಚಿನ ಮೇಲೆ ಕೂತುಬಿಟ್ಟಳು. ಬೈಗುಳಕ್ಕೋ ಶಭಾಸ್‌ಗಿರಿಗೋ ತಂಗಿ ಕಾಯುತ್ತಿದ್ದಳು. ಎರಡೂ ಬರಲಿಲ್ಲ.

"ಹಾಗಾದ್ರೆ ನೀನು ನನ್ನ ಜೊತೆ ಬರಲ್ಲ," ಎಂದಳು ಅಕ್ಕ.

"ಇಲ್ಲ."

"ನೀನು ಸಂಜೆನೇ ಓಡಿ ಬರ್ತೀಯ ಅಂದ್ಕೊಂಡಿದ್ದೆ. ನಿನ್ನೆ ಕಡೇ ಬಸ್ಸು ಹೋಗೋ ತನಕ ಬಾಗಿಲಲ್ಲೇ ನಿಂತಿದ್ದೆ." ಅಕ್ಕ ತನ್ನ ಚಪ್ಪಲಿ ನೋಡಿಕೊಂಡಳು. "ನೀನಿದ್ದೀಯ ಅನ್ನೋ ಧೈರ್ಯದ ಮೇಲೇ ಅವರಿಗೆ ಹೂಂ ಅಂದಿದ್ದು ಕಣೇ. ಗುರುತಿಲ್ಲದ ಊರು, ಗುರುತಿಲ್ಲದ ಜನ. ಹಿಂದೆ ನಿನ್ನ ಕಾಲಿನ ಸದ್ದಿಲ್ಲದೆ ನಾನು ಯಾವತ್ತಾದ್ರೂ ಒಂದು ಹೆಜ್ಜೆ ನಡೆದಿದ್ದೀನಾ?"

ತಂಗಿ ಬಟ್ಟೆಯನ್ನು ಮತ್ತೆ ಚೀಲಕ್ಕೆ ತುರುಕಿದಳು. ಈ ಹೆಂಗಸು ತನಗಿಂತ ಪುಕ್ಕಲಿ ಎಂದು ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲವಲ್ಲ! 'ಬರ್ತೀನಿ ಬಿಡು' ಎಂಬ ಮಾತು ನಾಲಿಗೆಯ ತುದಿಗೇ ಬಂತು. ಅದನ್ನು ನುಂಗಿಕೊಂಡಳು. ಅಕ್ಕನ ಪಕ್ಕ ಕೂತು, ಅವಳ ಕೈ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಹೋಗಕ್ಕ. ಮೊದಲು ಅಳು ಬರುತ್ತೆ. ಗಟ್ಟಿಯಾಗಿ ಅತ್ತುಬಿಡು, ನಾಚಿಕೆ ಪಡಬೇಡ."

"ಆಮೇಲೆ?"

"ಆಮೇಲೆ ಹಸಿವಾಗುತ್ತೆ."

ಅಕ್ಕ ಮೂಗು ಒರೆಸಿಕೊಂಡಳು. ದೂರದ ತಿರುವಿನಲ್ಲಿ ಬಸ್ಸು ಕಾಣಿಸಿತು. ಅವಳು ತಂಗಿಯ ಕೈ ಬಿಡದೆ ಎದ್ದು ನಿಂತಳು.

"ನಿದ್ದೆ ಬರುತ್ತೇನೇ?" ಎಂದು ಕೇಳಿದಳು.

"ಬರುತ್ತೆ," ಎಂದಳು ಚಿಕ್ಕವಳು.