ಪೂಜೆಯಾದ ಚಾಸಿಯ ಮೇಲೆ ನಾಲ್ವರು

ಆಯುಧಪೂಜೆ ಮುಗಿದ ಮರುದಿನ ಪೀಣ್ಯದಲ್ಲಿ ಒಂದು ಮೊಳೆ ಹೊಡೆಯುವವರೂ ಸಿಗುವುದಿಲ್ಲ. ಮೆಷಿನ್ನುಗಳಿಗೆಲ್ಲ ಕುಂಕುಮ, ಚೆಂಡುಹೂವು. ಬಾಗಿಲ ಮುಂದೆ ಒಡೆದ ಬೂದುಗುಂಬಳ. ಅರ್ಧಕ್ಕರ್ಧ ಜನ ಊರಿನ ಬಸ್ಸು ಹತ್ತಿರುತ್ತಾರೆ. ಅಂಥ ದಿನ ಬೆಳಿಗ್ಗೆ ಹತ್ತಕ್ಕೆ ಶಿವಗಂಗಾ ತಾನು ಕೆಲಸ ಮಾಡುವ ಶೆಡ್ಡಿನ ಷಟರ್ ಎತ್ತಿಸಿದಳು ಅಂದರೆ ಅದಕ್ಕೆ ತಕ್ಕ ಕಾರಣ ಇರಲೇಬೇಕು.

ಕಾರಣ ಶೆಡ್ಡಿನ ನಡುವೆಯೇ ಕೂತಿತ್ತು. ರೇಸ್ ಕಾರಿನ ಚಾಸಿ. ಚಕ್ರವಿಲ್ಲ, ಎಂಜಿನ್ನಿಲ್ಲ, ಬರೀ ಪೈಪುಗಳ ಹಂದರ. ಅದಕ್ಕೂ ನಿನ್ನೆ ವಿಭೂತಿ ಬಳಿದು ಹೂವು ಮುಡಿಸಿದ್ದರು. ಅದರ ಒಂದೊಂದು ಪೈಪಿನ ಉದ್ದ, ದಪ್ಪ, ಬಾಗು ಎಲ್ಲ ಶಿವಗಂಗಾಳ ತಲೆಯಿಂದ ಇಳಿದದ್ದು. ಇಳಕಲ್ಲಿನಿಂದ ಡಿಪ್ಲೊಮಾ ಹಿಡಿದು ಬಂದವಳು, ಬಾಗಲಗುಂಟೆಯ ಒಂದೇ ರೂಮಿನಲ್ಲಿದ್ದುಕೊಂಡು ಹನ್ನೊಂದು ವರ್ಷಗಳಲ್ಲಿ ಮೂರು ರೇಸ್ ಕಾರು ರೂಪಿಸಿದ್ದಳು. ಮೊದಲನೆಯದರ ನಕ್ಷೆಯ ಮೂಲೆಯಲ್ಲಿ 'ವಿನ್ಯಾಸ' ಎಂಬ ಚೌಕದೊಳಗೆ ಆಗಿನ ಮಾಲೀಕನ ಹೆಸರು ಬಂತು. ಎರಡನೆಯದರಲ್ಲಿ ಕಾರು ಓಡಿಸಿದವನ ಹೆಸರು. ಈ ಮೂರನೆಯದರಲ್ಲಿ ನನ್ನ ಹೆಸರೇ ಇರಬೇಕು ಅಂತ ಕೆಲಸ ಒಪ್ಪಿಕೊಂಡ ದಿನವೇ ಹೇಳಿಬಿಟ್ಟಿದ್ದಳು.

ಕಾರು ಮಾಡಿಸುತ್ತಿದ್ದ ರೇಸ್ ತಂಡದವರು ಆಗ ಹೂಂ ಅಂದರು. ಕೊನೆಯ ವಾರದಲ್ಲಿ ತಮ್ಮ ಸಲಹೆಗಾರ ಮುನಿಕೃಷ್ಣನನ್ನು ಕಳಿಸಿದರು. ಹೂಡಿಯ ಹಳೇ ಮನೆತನದವನು, ಹೊರದೇಶದಲ್ಲಿ ಓದಿ ಬಂದು ವೈಟ್‌ಫೀಲ್ಡಿನಲ್ಲಿ ಆಫೀಸು ಇಟ್ಟವನು. ಚಾಸಿಯನ್ನು ಒಂದು ಸುತ್ತು ಬಂದು ಹೇಳಿದ:

"ನನ್ನ ಕಂಪ್ಯೂಟರ್ ಪ್ರಕಾರ ಇದು ತಿರುವಲ್ಲಿ ತಿರುಚ್ಕೊಳ್ಳತ್ತೆ ಮೇಡಂ. ಎರಡು ಅಡ್ಡ ಪೈಪ್ ಹಾಕ್ಸಿ. ಆಮೇಲೆ ಡಿಸೈನ್ ನಂದಾಗತ್ತೆ, ಹೆಸ್ರು ನಾನೇ ಹಾಕ್ತೀನಿ."

"ಕಾರು ಹಗುರಾಗ್ಲಿ ಅಂತ ಒಂದೊಂದು ಪೈಪು ತೆಗೀಲಿಕ್ಕೆ ನಾನು ಒಂದೊಂದು ತಿಂಗಳು ಕೂತೀನ್ರಿ. ಹಾಕ್ಲಿಕ್ಕೆ ನಿಮಗ ಒಂದು ಮಾತು ಸಾಕಾತು," ಅಂದಳು ಶಿವಗಂಗಾ. "ಭಾರ ಹೇರಿ ನೋಡೂಣು. ತಿರುಚಿದ್ರ ನಿಮ್ಮ ಹೆಸರು, ಇಲ್ಲಂದ್ರ ನಂದು."

ಪರೀಕ್ಷೆ ಸರಳ. ಚಾಸಿಯ ಹಿಂಭಾಗವನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯುವುದು, ಮೂತಿಗೆ ಉದ್ದದ ಪೈಪೊಂದನ್ನು ಅಡ್ಡ ಕಟ್ಟಿ ಅದರ ಒಂದು ತುದಿಯಲ್ಲಿ ಇನ್ನೂರ ನಲವತ್ತು ಕೆಜಿ ತೂಗಿಬಿಡುವುದು. ಎಷ್ಟು ತಿರುಚಿತೆಂದು ಡಯಲ್ ಗೇಜಿನ ಮುಳ್ಳು ಹೇಳುತ್ತದೆ. ಎಂಟು ಮಿಲಿಮೀಟರ್ ದಾಟಬಾರದು. ಆರು ಬರುತ್ತದೆಂದು ಶಿವಗಂಗಾಳ ಲೆಕ್ಕ. ಚಾಸಿ ಒಯ್ಯುವ ಲಾರಿ ನಾಳೆಯೇ ಬರುವುದಿತ್ತು, ಹಾಗಾಗಿ ಇವತ್ತೇ ನೋಡಬೇಕು.

ಆದರೆ ಹೇರುವುದಕ್ಕೆ ಭಾರವೆಲ್ಲಿದೆ? ಪೂಜೆಗೆ ಶೆಡ್ಡು ಚೊಕ್ಕ ಮಾಡುವ ಭರದಲ್ಲಿ ಕಬ್ಬಿಣದ ಚೂರನ್ನೂ ಬಿಡದೆ ಗುಜರಿಗೆ ಹಾಕಿದ್ದರು.

"ಮಂದಿ ಅದೀವಲ್ಲ," ಅಂದ ವೆಲ್ಡರ್ ಮಲಕಪ್ಪ. ಜಮಖಂಡಿ ಕಡೆಯವನು, ಆ ಹಂದರದ ಬೆಸುಗೆಯೆಲ್ಲ ಅವನ ಕೈಯದು. ನಿನ್ನೆ ಪೂಜೆ ಮಾಡಿದವನೂ ಅವನೇ.

ಮೂಲೆಯ ಮೆಡಿಕಲ್ ಶಾಪಿನ ತೂಕದ ಮೆಷಿನ್ ಹತ್ತಿ ನಾಲ್ವರು ಚೀಟಿ ತಂದರು. ಮಲಕಪ್ಪ ಐವತ್ತೆಂಟು. ಗ್ರೈಂಡಿಂಗಿನ ಬಸಲಿಂಗ ಐವತ್ತನಾಲ್ಕು. ಎದುರು ಖಾನಾವಳಿಯ ಹೊಳೆವ್ವ ನಲವತ್ತನಾಲ್ಕು. ಶೆಡ್ಡಿನ ಜಾಗದ ಯಜಮಾನ ನಂಜಪ್ಪನವರು ತಮ್ಮ ಚೀಟಿಯನ್ನು ಮಡಚಿಯೇ ಕೊಟ್ಟರು.

"ಎಂಬತ್ನಾಕಾ ಯಜಮಾನ್ರೇ?" ಬಸಲಿಂಗ ಬಿಡಿಸಿ ನೋಡಿದ.

"ಆ ಮಿಷಿನ್ನು ಕೆಟ್ಟೋಗದೆ ಕಣೋ."

"ಕೆಟ್ಟಿದ್ರ ಎಲ್ಲಾರಿಗೂ ಕೆಟ್ಟಿರಬೇಕಲ್ರಿ," ಅಂದಳು ಹೊಳೆವ್ವ. "ನನಗ ಸರಿಯಾಗೇ ಹೇಳೈತಿ."

ಕೂಡಿದರೆ ಸರಿಯಾಗಿ ಇನ್ನೂರ ನಲವತ್ತು. ಪೈಪಿನ ತುದಿಗೆ ಸರಪಳಿಯಿಂದ ಹಲಗೆ ತೂಗಿಬಿಟ್ಟರು. ಮುನಿಕೃಷ್ಣ ಮುಳ್ಳನ್ನು ಸೊನ್ನೆಗೆ ಕೂರಿಸಿದ. ನಾಲ್ವರೂ ಚಾಸಿಗೆ ಕೈಮುಗಿದು, ತೂಗುಮಣೆಯಲ್ಲಿ ಕೂತಂತೆ ಒತ್ತಿಕೊಂಡು ಕೂತರು. ಚಾಸಿ ಒಮ್ಮೆ ಕಿರ್ ಅಂದಿತು. ಮುಳ್ಳು ಸರಿದು ಆರು ದಾಟಿ ಸ್ವಲ್ಪ ಮುಂದೆ ಹೋಗಿ ನಿಂತಿತು.

ಶಿವಗಂಗಾ ಉಸಿರು ಬಿಡುವಷ್ಟರಲ್ಲಿ ಮುನಿಕೃಷ್ಣ ಬಾಗಿಲ ಕಡೆ ನೋಡಿದ.

"ಅದೇನದು?"

ಬಾಗಿಲಲ್ಲಿ ಸಾಲಾಗಿ ಎರಡು ಜೊತೆ ಸೇಫ್ಟಿ ಬೂಟು, ಎರಡು ಜೊತೆ ಚಪ್ಪಲಿ.

"ತೂಕ ಮಾಡ್ಸಿದ್ದು ಚಪ್ಪಲಿ ಹಾಕ್ಕೊಂಡು, ಕೂತಿರೋದು ಬರಿಗಾಲಲ್ಲಿ. ನಾಲ್ಕು ಕೆಜಿ ಕಮ್ಮಿ ಮೇಡಂ. ಇನ್ನೂರ ನಲವತ್ತಕ್ಕೆ ಒಂದು ಗ್ರಾಂ ಕಮ್ಮಿ ಆದ್ರೂ ನಾನು ಒಪ್ಪಲ್ಲ."

ಪೂಜೆಯಾದ ವಸ್ತುವಿನ ಹತ್ತಿರ ಯಾರು ಚಪ್ಪಲಿ ತರುತ್ತಾರೆ? ಯಾರೂ ಹೇಳಿರಲಿಲ್ಲ, ಎಲ್ಲರೂ ತಾವಾಗಿಯೇ ಬಿಟ್ಟು ಬಂದಿದ್ದರು. ಶಿವಗಂಗಾ ಒಂದು ಗೋಣಿಚೀಲ ಹುಡುಕಿ, ಬಾಗಿಲಿಗೆ ಹೋಗಿ, ನಾಲ್ಕು ಜೊತೆಯನ್ನೂ ಅದರೊಳಗೆ ತುಂಬಿದಳು.

"ಏ ತಂಗಿ," ಅಂದ ಮಲಕಪ್ಪ. "ಪೂಜಿ ಮಾಡಿದ್ದಕ್ಕ ಕೆರ ಕಟ್ಟತಿಯೇನು? ಬ್ಯಾರೆ ಏನರೆ ತೂಕ ಮಾಡಿಸ್ಕೊಂಡ ಬಾ."

"ಚೀಟಿಯೊಳಗ ಬಂದಿದ್ದು ಇವೇ ಬೂಟು, ಕಾಕಾ. ಬ್ಯಾರೆ ತಂದ್ರ ಇವರು ಬ್ಯಾರೆ ಕೊಂಕು ತಗೀತಾರ. ನಾಳೆ ಇದರೊಳಗ ಕೂಡಾಂವ ಬರಿಗಾಲಿಂದ ಕೂಡ್ತಾನೇನು? ಬೂಟು ಹಾಕ್ಕೊಂಡೇ ತುಳೀತಾನ. ನಿನ್ನ ವಿಭೂತಿ ನಾಲ್ಕು ಜೋಡು ಬೂಟು ತಡೀಲಿಲ್ಲಂದ್ರ, ತಾಸಿಗೆ ಇನ್ನೂರು ಕಿಲೋಮೀಟರ್ ಏನ್ ತಡದೀತು?"

ಮಲಕಪ್ಪ ಚಾಸಿಯನ್ನು ನೋಡಿದ, ತಾನೇ ಎಳೆದ ವಿಭೂತಿಯ ಮೂರು ಗೆರೆ ನೋಡಿದ. ಆಮೇಲೆ ಎರಡೂ ಕೈ ಚಾಚಿದ.

"ತಾ ಇಲ್ಲೆ. ನನ್ನ ತೊಡಿ ಮ್ಯಾಲ ಇಡು. ತಪ್ಪಿದ್ರ ನಂದಾಗ್ಲಿ."

ಚೀಲ ಅವನ ತೊಡೆಗೇರಿತು. ಮುಳ್ಳು ಕೂದಲೆಳೆಯಷ್ಟು ಸರಿದು ಆರೂಕಾಲಿನಲ್ಲಿ ನಿಂತಿತು.

"ನನ್ನ ಲೆಕ್ಕ ಕಾಲು ಮಿಲಿಮೀಟರ್ ತಪ್ಪೈತಿ. ಅದನ್ನೂ ಬರಕೋರಿ," ಅಂದಳು ಶಿವಗಂಗಾ.

ಮುನಿಕೃಷ್ಣ ಬರೆದುಕೊಂಡ. ಪುಸ್ತಕ ಮುಚ್ಚಿದ. "ಓಕೆ, ಪಾಸು. ಹೆಸ್ರಿನ್ ವಿಷ್ಯ ಆಫೀಸಲ್ಲಿ ಕೇಳಿ ಹೇಳ್ತೀನಿ."

ಹಲಗೆಯಿಂದ ಇಳಿಯಲು ಕಾಲು ಚಾಚಿದ್ದ ಬಸಲಿಂಗನಿಗೆ ಶಿವಗಂಗಾ ಕೈ ಅಡ್ಡ ಹಿಡಿದಳು. "ಯಾರೂ ಇಳೀಬ್ಯಾಡ್ರಿ."

ನಕ್ಷೆಯನ್ನು ಮುನಿಕೃಷ್ಣನ ಮುಂದೆ ಬಿಡಿಸಿದಳು. ಮೂಲೆಯ ಚೌಕದಲ್ಲಿ ಬೆಳಿಗ್ಗೆಯೇ ಕನ್ನಡದಲ್ಲಿ ದುಂಡಗೆ ತನ್ನ ಹೆಸರು ಬರೆದಿಟ್ಟಿದ್ದಳು. ಅದರ ಕೆಳಗೆ 'ಪರಿಶೀಲಿಸಿದವರು' ಎಂಬ ಚೌಕ ಖಾಲಿಯಿತ್ತು.

"ಇವರು ಕೂತಿದ್ದನ್ನ ಕಣ್ಣಾರೆ ನೋಡೀರಿ. ಅವರು ಇಳಿಯೂದ್ರೊಳಗ ಸಹಿ ಮಾಡ್ರಿ. ಇಳಿದ ಮ್ಯಾಲ ನೀವು ನೋಡೇ ಇಲ್ಲ ಅಂತೀರಿ."

"ಇದೊಳ್ಳೆ ಬಲವಂತ ಆಯ್ತಲ್ಲ," ಅಂದ ಮುನಿಕೃಷ್ಣ, ಬೆಂಬಲಕ್ಕೆಂಬಂತೆ ನಂಜಪ್ಪನವರ ಕಡೆ ತಿರುಗಿ.

"ನಾನಂತೂ ಇಳಿಯಾಕಿಲ್ಲ ಕಣಪ್ಪ," ಅಂದರು ನಂಜಪ್ಪನವರು, ಹಲಗೆಯ ಮೇಲೆ ಇನ್ನಷ್ಟು ಸರಿಯಾಗಿ ಕೂತು. "ಅಬ್ಬದ್ ದಿನ ಮನೇಲೇನ್ ಕೆಲ್ಸ ನಂಗೆ."

"ಬರಿಯಪ್ಪಾ, ಕಾಲು ಜೋಮು ಹಿಡದಾವ," ಅಂದಳು ಹೊಳೆವ್ವ. "ಜೋಮು ಹಿಡದ್ರೂ ಇಳಿಯಂಗಿಲ್ಲ ಮತ್ತ."

ಮುನಿಕೃಷ್ಣ ಕಿಸೆ ತಡಕಿದ. ಪೆನ್ನು ಸಿಗಲಿಲ್ಲವೋ, ಸಿಗಬಾರದೆಂದಿತ್ತೋ. ಶಿವಗಂಗಾ ತನ್ನದನ್ನು ಕ್ಯಾಪು ತೆಗೆದು ಚಾಚಿದಳು, ಚಾಚಿಯೇ ನಿಂತಳು. ಮಲಕಪ್ಪ ತೊಡೆಯ ಮೇಲಿನ ಚೀಲವನ್ನು ಅಲುಗದಂತೆ ತಬ್ಬಿಕೊಂಡಿದ್ದ.

ಮುನಿಕೃಷ್ಣ ಬಗ್ಗಿ ಸಹಿ ಹಾಕುವಾಗಲೂ ಮುಳ್ಳು ಆರೂಕಾಲಿನಲ್ಲೇ ಇತ್ತು.